ಎರಡೂ ಹೆಸರು ಹಿಡಿದು ಬೇಡಿದ ದಿನ

ಸತ್ತ ಕೂಸನ್ನು ಹೊರತೆಗೆಯುವುದು ಹೆರಿಗೆ ಮಾಡಿಸುವ ವೈದ್ಯಳಿಗೆ ಹೊಸದಲ್ಲ. ಆದರೆ 1967ರ ಮಳೆಗಾಲದಲ್ಲಿ ಮರಾಠಿ ನಾಡಿನ ವೈಜಾಪುರದ ನಮ್ಮ ಮಿಶನ್ ಆಸ್ಪತ್ರೆಯಲ್ಲಿ ನಾನು ಹೊರತೆಗೆದ ಒಂದು ಗಂಡು ಕೂಸಿನ ಹಿಂದೆಯೇ ನಮ್ಮ ಹೆಂಗಸರ ವಾರ್ಡು ಬರಿದಾಗತೊಡಗಿತು. ಸುಮಾರು ಎರಡು ವರ್ಷ ಆ ಬರಿದಾದ ಮಂಚಗಳ ನಡುವೆ ನಡೆದಾಡಿದೆ. ಕರ್ತನು ಅವುಗಳನ್ನು ಮತ್ತೆ ತುಂಬಿಸಿದ ಬಗೆಯನ್ನು ಸಭೆಯ ಸಹೋದರ ಸಹೋದರಿಯರಿಗೆ ತಿಳಿಸಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಬರೆಯಲು ಕೂತಾಗಲೆಲ್ಲ ಕೈ ಹಿಂಜರಿಯುತ್ತಿತ್ತು. ಕಂಡದ್ದಕ್ಕಿಂತ ಒಂದು ಮಾತೂ ಹೆಚ್ಚಾಗಬಾರದು ಎಂಬ ಭಯ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ, ನಿಧಾನವಾಗಿ ಬರೆಯುತ್ತೇನೆ. ಮರಾಠಿಯಲ್ಲಿ ಆಡಿದ ಮಾತುಗಳನ್ನು ನಮ್ಮ ಬೀದರದ ಮಾತಿಗೆ ತಂದಿದ್ದೇನೆ. ನನಗೆ ಅವು ನೆನಪಾಗುವುದೂ ಹಾಗೆಯೇ.

ನಾನು ಬೀದರ ಜಿಲ್ಲೆಯವಳು. ನನ್ನ ಚಿಕ್ಕಂದಿನಲ್ಲಿ ಬೀದರವೂ ವೈಜಾಪುರ ಸೇರಿದ ಔರಂಗಾಬಾದೂ ಒಂದೇ ನಿಜಾಮ ಸಂಸ್ಥಾನದೊಳಗಿದ್ದವು. ನಾನು ಡಾಕ್ಟರಿ ಓದಿ ಮುಗಿಸುವ ಹೊತ್ತಿಗೆ ನಡುವೆ ರಾಜ್ಯದ ಗಡಿ ಬಂದಿತ್ತು. ವೈಜಾಪುರಕ್ಕೆ ಹೊರಟಾಗ ನನ್ನ ತಾಯಿ, "ಅಲ್ಲಿ ನಿನ್ನ ಮಾತು ಯಾರಿಗೂ ತಿಳ್ಯಾಂಗಿಲ್ಲ, ಅವರ ಮಾತು ನಿನಗ ತಿಳ್ಯಾಂಗಿಲ್ಲ. ಅದು ಪರದೇಶ ಅಲ್ದ ಮತ್ತೇನವ್ವ?" ಎಂದು ಕಣ್ಣು ಒರೆಸಿಕೊಂಡಳು. ನಾನು ನಕ್ಕಿದ್ದೆ. ಹೋಗಿ ನೋಡಿದರೆ ಅವಳು ಹೇಳಿದ್ದೇ ಸರಿಯಾಗಿತ್ತು.

ನೋವು ಎಲ್ಲಿ, ಎಷ್ಟು ತಿಂಗಳು, ಉಸಿರು ಹಿಡಿ, ಈಗ ಬಿಡು. ಇಷ್ಟು ಮರಾಠಿ ಬೇಗ ಬಂತು. ಭಾನುವಾರದ ಆರಾಧನೆಯಲ್ಲಿ ಪುಸ್ತಕ ನೋಡಿಕೊಂಡು ಮರಾಠಿಯಲ್ಲೇ ಎಲ್ಲರ ಜೊತೆ ಪ್ರಾರ್ಥಿಸುತ್ತಿದ್ದೆ. ಆದರೆ ಆಪರೇಶನ್ ಮೇಜಿನ ಪಕ್ಕದಲ್ಲಿ ನಿಂತಾಗ ನನ್ನೊಳಗಿನಿಂದ ಬರುತ್ತಿದ್ದುದು ಕನ್ನಡ ಮಾತ್ರ. ಹಳ್ಳಿಗಳಲ್ಲಿ ಉಪದೇಶಿಯಾಗಿದ್ದ ನನ್ನ ತಂದೆ ಯಾರಿಗಾಗಿ ಪ್ರಾರ್ಥಿಸಿದರೂ ಮೊದಲು ಅವರ ಹೆಸರು ಕೇಳುತ್ತಿದ್ದರು. "ದೇವರ ಮುಂದ ರೋಗಿ ಅಂತ ಯಾರೂ ಇರಾಂಗಿಲ್ಲ ಮಗಳ, ಒಂದು ಹೆಸರು ಇರ್ತದ," ಎನ್ನುತ್ತಿದ್ದರು. ನಾನೂ ಅದೇ ರೂಢಿ ಇಟ್ಟುಕೊಂಡೆ. ಹೆಂಗಸಿನ ಹೆಸರನ್ನು ಅವಳ ಬಾಯಿಂದಲೇ ಕೇಳುವುದು, ಹಣೆಯ ಮೇಲೆ ಕೈ ಇಡುವುದು, ಆ ಹೆಸರು ಹಿಡಿದು ದೊಡ್ಡ ದನಿಯಲ್ಲಿ ಕನ್ನಡದಲ್ಲಿ ಚಿಕ್ಕ ಪ್ರಾರ್ಥನೆ ಮಾಡುವುದು. ಅದಾದ ಮೇಲೆಯೇ ಕೈ ತೊಳೆದು ಕೈಗವಸು ತೊಟ್ಟು ಕೆಲಸಕ್ಕಿಳಿಯುವುದು. ಯಾರೂ ಅದಕ್ಕೆ ಬೇಡವೆಂದಿರಲಿಲ್ಲ.

ಆ ಮಳೆಗಾಲದಲ್ಲಿ ಗೋದಾವರಿ ದಂಡೆಯ ಒಂದು ಹಳ್ಳಿಯಿಂದ ಎಳೆಯ ಬಸುರಿಯೊಬ್ಬಳನ್ನು ಎತ್ತಿನ ಗಾಡಿಯಲ್ಲಿ ತಂದರು. ಕೂಸು ಅಡ್ಡವಾಗಿತ್ತು. ಒಂದು ಕೈ ಹೊರಗೆ ಬಂದು ನೀಲಿಗಟ್ಟಿತ್ತು. ಜೊತೆಗೆ ಗಂಡ ಭಾವುಸಾಹೇಬ, ಮತ್ತು ಅವನ ತಾಯಿ ಕೊಂಡಾಬಾಯಿ. ಕೊಂಡಾಬಾಯಿ ಎತ್ತರದ ಹೆಂಗಸು, ಕಚ್ಚೆ ಸೀರೆ, ಹೊಗೆಸೊಪ್ಪಿನ ಮಿಶ್ರಿ ತಿಕ್ಕಿ ಕಪ್ಪಾದ ಹಲ್ಲು. ಮಗ ಬಾಯಿ ತೆರೆಯುವ ಮೊದಲೇ ಅವನ ಉತ್ತರವನ್ನು ಅವಳೇ ಹೇಳಿಬಿಡುತ್ತಿದ್ದಳು. ಬಸುರಿಯ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಜೋಮು ಹಿಡಿಸಿದ್ದರಿಂದ ಅವಳು ಎಚ್ಚರವಾಗಿಯೇ ಇದ್ದಳು. ಹೆಸರು ಕೇಳಿದೆ. "ಯಮುನಾ," ಅಂದಳು. ಯಮುನಾಳಿಗಾಗಿ ಪ್ರಾರ್ಥಿಸಿದೆ. ನಮ್ಮ ಆಪರೇಶನ್ ಕೋಣೆಯ ಬಾಗಿಲು ಅರ್ಧ ಬಾಗಿಲು, ಮೇಲೂ ಕೆಳಗೂ ತೆರವು. ಕೊಂಡಾಬಾಯಿ ಅದರ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಹೊಟ್ಟೆ ಕೊಯ್ದು ತೆಗೆದ ಗಂಡು ಕೂಸು ಉಸಿರಾಡಲಿಲ್ಲ. ತಾಯಿ ಉಳಿದಳು. ಹೊಲಿಗೆ ಬಿಚ್ಚಿದ ದಿನ ಕೊಂಡಾಬಾಯಿ ಸೊಸೆಯನ್ನು ಕರೆದುಕೊಂಡು ಹೊರಟಳು. ನಮಸ್ಕಾರವಿಲ್ಲ, ಬೈಗುಳವೂ ಇಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅದಾಗಿ ಕೆಲವು ತಿಂಗಳಿಗೆ ಬಸ್ ಸ್ಟ್ಯಾಂಡಿನ ಎದುರು ಹೋಟೆಲು ಇಟ್ಟಿದ್ದ ಭಟ್ಟರು ನನ್ನನ್ನು ಕರೆದು ಕೂರಿಸಿದರು. ಅವರು ಕುಂದಾಪುರದ ಕಡೆಯವರು. ಆ ಊರಿನಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರು ಮತ್ತು ಅವರ ಹೆಂಡತಿ ಮಾತ್ರ.

"ಎಂತ ಡಾಕ್ಟ್ರಮ್ಮ, ನೀವು ಹೆಂಗಸರ ಹೆಸರು ಬದಲು ಮಾಡ್ತೀರಂತೆ, ಹೌದಾ?"

"ಹೆಸರು? ನಾನು?"

"ಹೌದು ಮಾರಾಯ್ರೆ. ಹೊಟ್ಟೆ ಕೊಯ್ಯುವ ಮುಂಚೆ ಮಂತ್ರ ಹಾಕಿ ಹೆಸರು ಬದಲು ಮಾಡ್ತಾಳೆ, ಆಮೇಲೆ ಅವಳು ಆ ಮನೆ ಸೊಸೆಯೇ ಅಲ್ಲ, ಆ ಮನೆ ಕೂಸು ಅವಳ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಂತ ಸಂತೆ ತುಂಬ ಅದೇ ಮಾತು. ನಾನು ಹೇಳಿದೆ, ಅಯ್ಯಾ, ಅದು ಮಂತ್ರ ಅಲ್ಲ, ಕನ್ನಡ ಅಂತ. ಅದಕ್ಕೆ ಒಬ್ಬ ಕೇಳ್ತಾನೆ, ಹಾಗಾದ್ರೆ ನಿಮ್ಮ ಇಡ್ಲಿ ಮೇಲೂ ಅದನ್ನೇ ಹೇಳ್ತೀರಾ ಅಂತ!"

"ನಾನು ಯಾರ ಹೆಸರನ್ನೂ ಬದಲಿಸಿಲ್ಲ ಭಟ್ಟರೆ. ಅವರು ಹೇಳಿದ ಹೆಸರನ್ನೇ ಹೇಳ್ತೀನಿ."

"ನನಗೆ ಗೊತ್ತುಂಟು. ಆದರೂ ಒಂದು ಮಾತು. ಮನಸ್ಸಲ್ಲೇ ಹೇಳಿಕೊಳ್ಳಬಾರದಾ? ನಿಮ್ಮ ದೇವರಿಗೆ ಎಂತ ಕಿವಿ ಮಂದವಾ?"

ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಹೆಸರು ಬದಲಿಸುವ ಮಾತು ಎಲ್ಲಿಂದ ಹುಟ್ಟಿತು ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಮ್ಮ ನರ್ಸ್ ರತ್ನಾಬಾಯಿಯನ್ನು ಕೇಳಿದೆ. ಆಕೆ ಮರಾಠಿ ಕ್ರೈಸ್ತಳು, ಎದೆಗಾರ್ತಿ. "ನಮ್ಮನ್ನ ಬೈಲಿಕ್ಕೆ ಅವರಿಗೆ ಕಾರಣ ಬೇಕೇನ್ರಿ?" ಎಂದು ಸೆರಗು ಕೊಡವಿದಳು.

ಮಾತು ಅಲ್ಲಿಗೇ ನಿಂತಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಕಷ್ಟದ ಹೆರಿಗೆಯವರೂ ನಮ್ಮ ಗೇಟು ದಾಟಿ ಔರಂಗಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗತೊಡಗಿದರು. ಮಾರನೆಯ ವರ್ಷ ಒಂದು ಮಧ್ಯಾಹ್ನ ಈರುಳ್ಳಿ ಸಾಗಿಸುವ ಟ್ರಕ್ಕಿನಲ್ಲಿ ಒಬ್ಬ ಬಸುರಿಯನ್ನು ಮಲಗಿಸಿಕೊಂಡು ನಮ್ಮ ಗೇಟಿನ ಮುಂದೆಯೇ ಹಾದು ಹೋದರು. ಅವಳ ನರಳಾಟ ನನಗೆ ವರಾಂಡಕ್ಕೆ ಕೇಳಿಸಿತು. ಓಡಿ ಹೋಗಿ ಕೈ ಅಡ್ಡ ಹಾಕಿದೆ. ಟ್ರಕ್ಕು ನಿಲ್ಲಲಿಲ್ಲ. ಸಂಜೆಗೆ ಅದೇ ಟ್ರಕ್ಕು ತಿರುಗಿ ಬಂತು. ಲಾಸೂರು ಮುಟ್ಟುವ ಮುಂಚೆಯೇ ರಕ್ತ ಹೋಗಿ ಅವಳು ತೀರಿಕೊಂಡಿದ್ದಳು. ಮುಖಕ್ಕೆ ಸೆರಗು ಹೊದಿಸಿದ್ದರು. ಅವಳ ಹೆಸರು ಏನೆಂದು ನನಗೆ ಇಂದಿಗೂ ತಿಳಿಯದು.

ನಾಸಿಕದಲ್ಲಿದ್ದ ಆಸ್ಪತ್ರೆಯ ಕಮಿಟಿಯವರು ನನ್ನನ್ನು ಕರೆಸಿದ್ದು ಆ ಹೊತ್ತಿನಲ್ಲಿಯೇ. ಕೆಂಪು ಬಸ್ಸಿನಲ್ಲಿ ಯೇವಲಾ, ನಿಫಾಡ್ ದಾಟಿ ಹೋದೆ. ಕಮಿಟಿಯ ಹಿರಿಯ ಪಾದ್ರಿಯವರು ಕಠಿಣರಲ್ಲ. ಚಹಾ ತರಿಸಿ, ನಾನು ಕುಡಿದು ಮುಗಿಸುವ ತನಕ ಕಾದು ಆಮೇಲೆ ಮಾತು ತೆಗೆದರು.

"ಬಾಯಿ, ನಿಮ್ಮ ನಂಬಿಕೆಯ ಬಗ್ಗೆ ನಮಗ ಸಂಶಯ ಇಲ್ಲ. ನಿಮ್ಮ ದನಿಯ ಬಗ್ಗೆ ಅಷ್ಟೇ."

ಇನ್ನು ಮುಂದೆ ರೋಗಿಯ ಮುಂದೆ ದೊಡ್ಡದಾಗಿ ಪ್ರಾರ್ಥಿಸಕೂಡದು. ಬರುವ ಮಳೆಗಾಲ ಮುಗಿಯುವುದರೊಳಗೆ ಹೆಂಗಸರು ತಿರುಗಿ ಬರದಿದ್ದರೆ ಹೆಂಗಸರ ವಾರ್ಡು ಮುಚ್ಚುವುದು, ನನ್ನನ್ನು ಊರಿಗೆ ಕಳಿಸುವುದು. ಇದು ತೀರ್ಮಾನ. ಆ ಟ್ರಕ್ಕನ್ನು ಕಣ್ಣಾರೆ ಕಂಡಿದ್ದ ನಾನು ಇದಕ್ಕೆ ಏನು ಎದುರಾಡಲಿ? ಒಪ್ಪಿದೆ.

ತಿರುಗಿ ಬರುವಾಗ ನಿಫಾಡಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ತೋಟದ ಕೂಲಿ ಹೆಂಗಸರು ಬುಟ್ಟಿ ಸಮೇತ ಹತ್ತಿದರು. ಅವರಲ್ಲಿ ಒಬ್ಬಳು ತುಂಬು ಬಸುರಿ. ಅವಳಿಗೆ ಸೀಟು ಬಿಟ್ಟುಕೊಟ್ಟು ಕಂಬಿ ಹಿಡಿದು ನಿಂತೆ. ನಿಂತಲ್ಲೇ ಮನಸ್ಸಿನೊಳಗೆ ಇಷ್ಟು ಹೇಳಿದೆ: ಕರ್ತನೇ, ನನ್ನ ಬಾಯಿ ಕಟ್ಟಿದ್ದಾರೆ. ನಿನ್ನ ಬಾಯಿಯನ್ನು ಯಾರೂ ಕಟ್ಟಿಲ್ಲ. ಈ ಹೆಂಗಸರನ್ನು ನೀನೇ ಕರೆದುಕೊಂಡು ಬಾ.

ಆಮೇಲಿನ ತಿಂಗಳುಗಳು ಬರಗಾಲದ ಹಾಗಿದ್ದವು. ಬಂದ ಕೆಲವೇ ಜನರಿಗೆ ತುಟಿ ಮುಚ್ಚಿಕೊಂಡು ಕೆಲಸ ಮಾಡಿದೆ. ಮೌನ ಪ್ರಾರ್ಥನೆಯನ್ನು ದೇವರು ಕೇಳುತ್ತಾನೆಂದು ನಾನೂ ಬಲ್ಲೆ. ಆದರೆ ನನ್ನ ಮೌನದಲ್ಲಿ ಪ್ರಾರ್ಥನೆಯೇ ಇರುತ್ತಿರಲಿಲ್ಲ, ಹೆದರಿಕೆ ಇರುತ್ತಿತ್ತು. ಹೆಸರು ಕೇಳುವುದನ್ನೂ ಬಿಟ್ಟೆ.

1969ರ ಮಳೆಗಾಲ. ಸಂತೆಯ ದಿನ, ಬೆಳಗ್ಗೆ. ಭಟ್ಟರ ಹೋಟೆಲಿನ ಮುಂದಿನಿಂದ ಒಂದು ಟಾಂಗಾ ನಮ್ಮ ಗೇಟಿನೊಳಗೆ ನುಗ್ಗಿತು. ಮುಂದೆ ಟಾಂಗಾವಾಲನ ಪಕ್ಕದಲ್ಲಿ ಭಟ್ಟರೇ ಕೂತಿದ್ದರು, ಹೆಗಲ ಮೇಲೆ ಟವೆಲು ಹಾಗೇ ಇತ್ತು. ಹಿಂದೆ ಕೊಂಡಾಬಾಯಿ, ಅವಳ ಮಗ, ಮತ್ತು ಅತ್ತೆಯ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದ ಆ ಸೊಸೆ.

"ಡಾಕ್ಟ್ರಮ್ಮ, ಇವರು ಔರಂಗಾಬಾದ್ ಬಸ್ಸಿಗೆ ಬಂದವರು. ಶಿವನಾ ನದಿ ಉಕ್ಕಿ ರಸ್ತೆ ಬಂದ್. ಅಜ್ಜಿ ಬಸ್ ಸ್ಟ್ಯಾಂಡಲ್ಲೇ ಕಾಯ್ತೇನೆ ಅಂತಾರೆ. ಹುಡುಗಿ ಕಾಯ್ಲಿಕ್ಕಿಲ್ಲ," ಎಂದು ಭಟ್ಟರು ಕನ್ನಡದಲ್ಲಿ ಹೇಳಿದರು.

ಹೊಟ್ಟೆ ಮುಟ್ಟಿ ನೋಡಿದೆ. ಹಳೆಯ ಗಾಯದ ಗುರುತಿನ ಕೆಳಗೆ ಒತ್ತಿದಾಗ ಅವಳು ಕಿರುಚಿದಳು. ಗರ್ಭಕೋಶದ ಹಳೆ ಹೊಲಿಗೆ ಬಿಟ್ಟುಕೊಳ್ಳುತ್ತಿತ್ತು. ಹರಿದರೆ ತಾಯಿ, ಕೂಸು ಇಬ್ಬರೂ ಇಲ್ಲ. ಕೊಂಡಾಬಾಯಿ ನನ್ನ ಎದುರು ಬಂದು ನಿಂತಳು.

"ನೋಡ ಬಾಯಿ, ನದಿ ಅಡ್ಡ ಬಂತು ಅಂತ ಬಂದೀವಿ, ನಿನ್ನ ಮ್ಯಾಲ ಭರವಸಾ ಇಟ್ಟು ಅಲ್ಲ. ಕೊಯ್ಯಿ, ಹೊಲಿ. ಬಾಯಿ ಮಾತ್ರ ತೆರೀಬ್ಯಾಡ."

"ತೆರೆಯುವುದಿಲ್ಲ," ಎಂದು ಮಾತು ಕೊಟ್ಟೆ.

ಅದೇ ಮೇಜು, ಅದೇ ಬೆನ್ನಿನ ಸೂಜಿ. ರತ್ನಾಬಾಯಿ ಸಲಕರಣೆಗಳನ್ನು ಜೋಡಿಸಿದಳು. ನಾನು ಸುಮ್ಮನೆ ಕೈ ತೊಳೆಯಲು ತಿರುಗಿದೆ. ಆಗ ಮೇಜಿನ ಮೇಲಿಂದ ದನಿ ಬಂತು.

"ಬಾಯಿ, ಅದನ್ನ ಹೇಳಲಿಲ್ಲಲ್ಲ."

"ಏನನ್ನು?"

"ಹಿಂದಿನ ಸಲ ನಿನ್ನ ದೇವರ ಮುಂದ ಹೇಳಿದ್ದಿ ನೋಡು. ನನ್ನ ಹೆಸರು."

ನಾನು ಬಾಗಿಲ ಕಡೆ ನೋಡಿದೆ. ಅರ್ಧ ಬಾಗಿಲ ಕೆಳಗೆ ಕೊಂಡಾಬಾಯಿಯ ಬರಿಗಾಲು ಕಾಣುತ್ತಿತ್ತು. ಮೇಜಿನ ಮೇಲಿದ್ದವಳು ಮಾತು ಮುಂದುವರಿಸಿದಳು. ನೋವಿನಲ್ಲಿಯೂ ನಿಧಾನವಾಗಿಯೇ ಮಾತಾಡಿದಳು.

"ಲಗ್ನದಾಗ ಇವರ ಮನಿಯವರು ನನಗ ಲಕ್ಷ್ಮೀ ಅಂತ ಹೆಸರಿಟ್ಟರು. ಅವತ್ತಿನಿಂದ ಯಮುನಾ ಅಂತ ಯಾರೂ ಕರದಿಲ್ಲ. ನನ್ನ ಅವ್ವನೂ ಕರಿಯಾಂಗಿಲ್ಲ, ಬೀಗರು ಸಿಟ್ಟಾಗ್ತಾರ ಅಂತ. ಆ ದಿವಸ ನೀ ಹೆಸರು ಕೇಳಿದಿ. ನೋವಿನ್ಯಾಗ ಹಳೇದ ಬಾಯಿಗೆ ಬಂತು. ನೀ ಏನು ಹೇಳಿದ್ಯೋ ಒಂದೂ ತಿಳೀಲಿಲ್ಲ. ನಡುನಡುವ ಯಮುನಾ, ಯಮುನಾ ಅಂತಿದ್ದಿ. ಯಾರೋ ನನ್ನನ್ನ ಹುಡುಕ್ಕೋತ ಬಂದಾಂಗ ಆತು. ಕೂಸು ಹೋತು. ನಾ ಆ ಹೆಸರನ್ನ ಹಿಡ್ಕೊಂಡು ಉಳಿದೆ. ಇವತ್ತು ಅದನ್ನ ಹೇಳದ ಕೊಯ್ಯಬ್ಯಾಡ."

ರತ್ನಾಬಾಯಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಇಲ್ಲಿ ರೂಢಿ ಅದರಿ. ಮದುವೆ ದಿವಸ ತಾಟಿನ್ಯಾಗ ಅಕ್ಕಿ ಹರವಿ, ಗಂಡ ಅದರ ಮ್ಯಾಲ ಹೊಸ ಹೆಸರು ಬರೀತಾನ. ಅಲ್ಲಿಗೆ ಹಳೇ ಹೆಸರು ಮುಗೀತು. ನಮ್ಮ ಕ್ರೈಸ್ತರೊಳಗ ಇಲ್ಲ, ಅದಕ್ಕ ನನಗ ಹೊಳೀಲೇ ಇಲ್ಲ ನೋಡ್ರಿ."

ಆಗ ಎಲ್ಲವೂ ತಿಳಿಯಿತು. ಕೊಂಡಾಬಾಯಿ ಸುಳ್ಳು ಹೇಳಿರಲಿಲ್ಲ. ತನ್ನ ಮಗ ಅಕ್ಕಿಯಲ್ಲಿ ಬರೆದ ಹೆಸರನ್ನು ಬಿಟ್ಟು, ತವರಿನ ಹೆಸರು ಹಿಡಿದು, ತನಗೆ ತಿಳಿಯದ ಭಾಷೆಯಲ್ಲಿ, ತಾನರಿಯದ ದೇವರ ಮುಂದೆ ನಾನು ಸೊಸೆಯನ್ನು ಕರೆದದ್ದನ್ನು ಅವಳು ತನ್ನ ಕಿವಿಯಿಂದಲೇ ಕೇಳಿದ್ದಳು. ಆ ಹೆಸರಿನವಳು ಅವಳ ಮನೆಯ ಸೊಸೆ ಅಲ್ಲ. ಅದರ ಬೆನ್ನಿಗೇ ಆ ಮನೆಯ ಕೂಸು ಉಳಿಯಲಿಲ್ಲ.

"ನಿಮ್ಮ ಅತ್ತೆಗೆ ಮಾತು ಕೊಟ್ಟೀನಿ ತಾಯಿ," ಎಂದೆ.

ಅವಳು ಕತ್ತು ತಿರುಗಿಸಿ ಬಾಗಿಲ ಕಡೆಗೆ ಅತ್ತೆಯನ್ನು ಕೂಗಿದಳು. ಆ ಮನೆಯಲ್ಲಿ ಅವಳು ಅಷ್ಟು ದೊಡ್ಡ ದನಿ ಎಂದಾದರೂ ತೆಗೆದಿದ್ದಳೋ ಇಲ್ಲವೋ ನಾನರಿಯೆ.

"ಆತ್ಯಾಬಾಯಿ! ಈಕೀಗೆ ಹೇಳು ಅನ್ನು. ನನ್ನ ಹೆಸರು ಹೇಳದಿದ್ರ ನಾ ಹಿಂಗ ಇಲ್ಲೇ ಸಾಯ್ತೀನಿ."

ಬರಿಗಾಲು ಅಲುಗಲಿಲ್ಲ. ಭಾವುಸಾಹೇಬ ಏನೋ ಹೇಳಲು ಹೋದ, ತಾಯಿ "ನೀ ಸುಮ್ಮನಿರು" ಎಂದದ್ದು ಕೇಳಿಸಿತು. ಹೊಟ್ಟೆಯ ಮೇಲೆ ನನ್ನ ಕೈಯಿತ್ತು. ಇನ್ನು ಕಾಯುವಂತಿರಲಿಲ್ಲ. ಆಗ ಕೊಂಡಾಬಾಯಿ ಮಾತಾಡಿದಳು.

"ಬಾಯಿ, ಹಾಂಗಾದ್ರ ಎರಡೂ ಹೇಳು. ಯಮುನಾ ಅನ್ನು, ಲಕ್ಷ್ಮೀನೂ ಅನ್ನು. ನಮ್ಮ ಮನೀ ಹೆಸರೂ ನಿನ್ನ ದೇವರಿಗೆ ಗೊತ್ತಿರಲಿ." ಮತ್ತೆ, "ದೊಡ್ಡದಾಗಿ ಹೇಳು. ನನಗೂ ಕೇಳಬೇಕು," ಅಂದಳು.

ಸೊಸೆಯ ಹಣೆಯ ಮೇಲೆ ಕೈ ಇಟ್ಟೆ. ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿ ತೆರೆದೆ. "ಕರ್ತನೇ, ಯಮುನಾ ಎಂದು ಹುಟ್ಟಿ ಲಕ್ಷ್ಮಿ ಎಂದು ಬಾಳುವ ಈ ನಿನ್ನ ಮಗಳನ್ನು ನೋಡು. ಲಕ್ಷ್ಮಿಯ ಕೂಸನ್ನು ಕೊಡು. ಯಮುನಾಳ ಪ್ರಾಣವನ್ನು ಕೊಡು," ಎಂದು ನನ್ನ ತಾಯಿಯ ಭಾಷೆಯಲ್ಲಿ ಬೇಡಿದೆ. ರತ್ನಾಬಾಯಿ "ಆಮೆನ್" ಅಂದಳು. ಬಾಗಿಲ ಹೊರಗೆ ಭಟ್ಟರು ನಾನು ಹೇಳಿದ್ದನ್ನು ಮೆಲ್ಲಗೆ ಮರಾಠಿಯಲ್ಲಿ ಕೊಂಡಾಬಾಯಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅವರು ಇನ್ನೂ ಹೋಗಿರಲಿಲ್ಲ.

ಹೊಟ್ಟೆ ತೆರೆದು ನೋಡಿದೆ. ಹಳೆಯ ಹೊಲಿಗೆಯ ಜಾಗ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಅದರ ಮೂಲಕ ಕೂಸಿನ ತಲೆಗೂದಲು ಕಾಣುತ್ತಿತ್ತು. ಔರಂಗಾಬಾದಿನ ರಸ್ತೆಯ ಒಂದು ಗುಂಡಿ ಸಾಕಾಗುತ್ತಿತ್ತು. ನಾವೆಲ್ಲ ಶಾಪ ಎಂದುಕೊಂಡ ನೆರೆಯನ್ನು ಆ ಬೆಳಗ್ಗೆ ಯಾರು ಆ ರಸ್ತೆಗೆ ಅಡ್ಡ ಇಟ್ಟರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹೆಣ್ಣು ಕೂಸು. ಹೊರಗೆ ತೆಗೆದಾಗ ಮೆತ್ತಗೆ ಜೋತು ಬಿದ್ದಿತ್ತು. ರತ್ನಾಬಾಯಿಯ ಕೈಗೆ ಕೊಟ್ಟು ನಾನು ತಾಯಿಯ ರಕ್ತ ನಿಲ್ಲಿಸಲು ಬಗ್ಗಿದೆ. ತಿರುಗಿ ನೋಡುವ ಹಾಗಿರಲಿಲ್ಲ. ಹಿಂದೆ ಬೆನ್ನು ತಟ್ಟುವ ಸದ್ದು, ನಳಿಕೆಯಿಂದ ಬಾಯಿ ಶುದ್ಧಿ ಮಾಡುವ ಸದ್ದು, ಮತ್ತೆ ತಟ್ಟುವ ಸದ್ದು. ಯಮುನಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೊಲಿಯುತ್ತ ಇದ್ದೆ. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ, ಅದರ ಹಿಂದೆಯೇ ಕೋಣೆ ತುಂಬುವ ಅಳು.

ಹೊರಗಿನಿಂದ ಕೊಂಡಾಬಾಯಿ, "ಯಾರದು? ನಮ್ಮದಾ?" ಎಂದು ಕೂಗಿದಳು.

"ನಿಮ್ಮದೇ. ಹೆಣ್ಣು," ಎಂದಳು ರತ್ನಾಬಾಯಿ.

"ಹೆಣ್ಣಾ? ಇರಲಿ. ಅಳಲಿ, ಅಳಲಿ. ಅಜ್ಜಿ ದನಿ ಬಂದದ."

ಆಕೆಯ ದನಿಗೆ ಕಡಿಮೆ ಏನೂ ಇರಲಿಲ್ಲ. ಸೊಸೆ ವಾರ್ಡಿನಲ್ಲಿದ್ದಷ್ಟು ದಿನ ಕೊಂಡಾಬಾಯಿ ಸಂತೆಗೂ ಬಸ್ ಸ್ಟ್ಯಾಂಡಿಗೂ ಹೋಗಿ ಬಂದಳು. ಮೊದಲು ಊರ ತುಂಬ ಹಬ್ಬಿಸಿದ ಮಾತನ್ನು ತಾನೇ ಹಿಂದಕ್ಕೆ ಹೊತ್ತುಕೊಂಡು ಬಂದಳು. "ಮಂತ್ರ ಅಲ್ಲ ಅದು, ಬೇಡಿಕೆ. ಹೋಗ್ರಿ, ಆದರ ಎರಡೂ ಹೆಸರು ಹೇಳ್ರಿ. ಒಂದು ಬಿಟ್ರ ಆ ಡಾಕ್ಟರೀಣ ಬಾಯಿಗೆ ತಿಳ್ಯಾಂಗಿಲ್ಲ, ಪರ ಊರಾಕಿ ಪಾಪ," ಎಂದು ಹೇಳುತ್ತಿದ್ದಳಂತೆ. ಇದನ್ನು ಭಟ್ಟರು ಅವಳ ಹಾಗೆಯೇ ಸೊಂಟಕ್ಕೆ ಕೈಯಿಟ್ಟು ನಟಿಸಿ ತೋರಿಸಿದರು.

ಹೆಂಗಸರು ಬಂದರು. ಮೊದಲು ಗೋದಾವರಿ ದಂಡೆಯ ಹಳ್ಳಿಗಳಿಂದ, ಆಮೇಲೆ ಯೇವಲಾ ಕಡೆಯಿಂದ. ದೀಪಾವಳಿಯ ಹೊತ್ತಿಗೆ ಮಂಚಗಳು ಸಾಲದೆ ನಡುವೆ ಚಾಪೆ ಹಾಸಿದೆವು. ಮೇಜಿನ ಮೇಲೆ ಮಲಗಿದ ಹೆಂಗಸು ನಾನು ಕೇಳುವ ಮುಂಚೆಯೇ, "ಮನಿಯೊಳಗ ಸೀತಾ, ಅವ್ವನ ಹಂತ್ಯಾಕ ಭಾಗಿ," ಎಂದು ಎರಡನ್ನೂ ಒಪ್ಪಿಸುತ್ತಿದ್ದಳು. ಎಷ್ಟೋ ಮಂದಿ ಎರಡನೆಯದನ್ನು ಹೇಳುವಾಗ ಹುಡುಗಿಯರ ಹಾಗೆ ನಾಚುತ್ತಿದ್ದರು. ನಾಸಿಕಕ್ಕೆ ಹೋಗಿ ಹಿರಿಯ ಪಾದ್ರಿಯವರಿಗೆ ನಡೆದದ್ದೆಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಇನ್ನು ಮೇಲೆ ದನಿ ತಗ್ಗಿಸಬೇಡ್ರಿ ಬಾಯಿ," ಎಂದರು. ವಾರ್ಡು ಮುಚ್ಚುವ ಮಾತು ಮತ್ತೆ ಬರಲಿಲ್ಲ.

ಪರನಾಡಿನಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳು ಇದನ್ನು ಓದುತ್ತಿದ್ದರೆ ಅವರಿಗೆ ನಾನು ಹೇಳಬಹುದಾದದ್ದು ಇಷ್ಟೇ. ನನ್ನ ಮಾತು ಯಾರಿಗೂ ತಿಳಿಯದು ಎಂದು ಎರಡು ವರ್ಷ ಕೊರಗಿದೆ. ಆ ಮಾತಿನೊಳಗಿಂದ ಒಂದೇ ಒಂದು ಪದವನ್ನು ಎತ್ತಿಕೊಂಡು ಕರ್ತನು ಒಬ್ಬ ಹೆಂಗಸನ್ನು ಸಾವಿನಿಂದ ಹಿಡಿದೆಳೆದಿದ್ದ, ಅದು ನನಗೇ ಗೊತ್ತಿರಲಿಲ್ಲ. ನಾನು ಸೋತೆ ಎಂದುಕೊಂಡ ದಿನವೇ ಆತನು ಕೆಲಸ ಶುರು ಮಾಡಿದ್ದ. ಆತನಿಗೆ ಸ್ತೋತ್ರ ಹೇಳಲು ನನ್ನ ಬಾಯಿಗೆ ಈಗ ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು ಮಾತು ಉಳಿದಿದೆ. ಮುಂದೆ ಒಂದು ಚಳಿಗಾಲದಲ್ಲಿ ಕೊಂಡಾಬಾಯಿಯೇ ಗರ್ಭಕೋಶದ ತೊಂದರೆಗೆ ಆಪರೇಶನ್ನಿಗೆ ಬಂದಳು. ಎಷ್ಟೋ ವರ್ಷ ಯಾರಿಗೂ ಹೇಳದೆ ಸಹಿಸಿಕೊಂಡಿದ್ದ ತೊಂದರೆ. ಈ ಸಲ ಬಾಗಿಲ ಹೊರಗೆ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಸೊಸೆ ನಿಂತಿದ್ದಳು. ನಾನು ಹೆಸರು ಕೇಳಿದೆ. "ಕೊಂಡಾಬಾಯಿ," ಅಂದಳು.

"ಇನ್ನೊಂದು?"

ಅವಳು ಮಾಡು ನೋಡುತ್ತ ಮಲಗಿದ್ದಳು. "ಅದು ಗೊತ್ತಿದ್ದವರೆಲ್ಲ ಸತ್ತು ಹೋಗ್ಯಾರ ಬಾಯಿ," ಅಂದಳು. ಆಮೇಲೆ ನನ್ನ ಕುತ್ತಿಗೆಗೆ ಕೈ ಹಾಕಿ ಬಗ್ಗಿಸಿ, ಕಿವಿಯಲ್ಲಿ ಹೇಳಿದಳು.

ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡೂ ಹೆಸರು ಹಿಡಿದು ಕರ್ತನಿಗೆ ದೊಡ್ಡ ದನಿಯಲ್ಲಿ ಹೇಳಿದೆ, ಬಾಗಿಲ ಹೊರಗಿದ್ದ ಸೊಸೆಗೂ ಕೇಳುವ ಹಾಗೆ.